ಅಳತಿ ಬುಕ್ಕ

ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದು
ಕಾಲು ತೊಳಕೊಳ್ಳೋದ್ರಾಗ
ಬಾಗಿಲಿಗೆ ಬಂದು ನಿಂತ್ಲು ಅಂಬಕ್ಕ.
ಅತ್ಲು. ಸೆರಗಿಲೆ ಮೂಗು ಒರಸಿಕೊಂಡ್ಲು.
ಆಮ್ಯಾಲೆ ಸಣ್ಣ ದನಿಲೆ,
"ನಂದೊಂದು ಖಣ ಕೊಟ್ಟಿದ್ನೆಪಾ,
ಹೊಲದಾಳೇನು ನೋಡು.
ಶುಕ್ರವಾರ ಮಗಳ ಕುಬಸ ಐತಿ."

ನಾ ಬಸ್ಸಿನ ಮೆಕ್ಯಾನಿಕ್. ಬಾಗಲಕೋಟಿ ಡಿಪೋದಾಗ
ಕಣ್ಣು ಮುಚ್ಚಿ ಗೇರ್ ಬಾಕ್ಸ್ ಬಿಚ್ಚಿ ಕೂಡಸ್ತೀನಿ.
ಗುಳೇದಗುಡ್ಡದ ಈ ಮನ್ಯಾಗ ಗಂಟು ಬಿಚ್ಚಿದ್ರ
ಒಂದು ತೋಳು ಕೂಡಿದ್ದು, ಒಂದು ತೋಳು ಬಿಡಿ,
ಕಂಕಳದ ಹತ್ರ ಸೂಜಿ ಚುಚ್ಚಿ ಬಿಟ್ಟದ್ದು
ದಾರ ಇನ್ನೂ ಪೋಣಿಸಿದ್ದು.
ಎಣಿಸಿದೆ. ಮೂವತ್ತೊಂದು ಖಣ,
ಯಾರದು ಯಾವುದಂತ ಖಣಕ್ಕೂ ಗೊತ್ತಿಲ್ಲ.

ಪುರಸಭೆಯಾಗ ಮರಣದ ದಾಖಲೆ ಕೊಡೋ ಹುಡುಗ
ಕಂಪ್ಯೂಟರಿನಿಂದ ಕಣ್ಣು ತೆಗೀದ ಕೇಳಿದ:
"ಸಾವಿತ್ರಿನೋ, ಸಾವಂತ್ರೆವ್ವನೋ?"
ಆಧಾರದಾಗ ಸಾವಿತ್ರಿ, ಪಾಸಬುಕ್ಕಿನ್ಯಾಗ ಸಾವಂತ್ರೆವ್ವ,
ರೇಷನ್ ಕಾರ್ಡಿನ್ಯಾಗ ಯಾವನೋ ಸಾವಕ್ಕ ಅಂತ ಒತ್ಯಾನ.
ಮೂವರೂ ಒಬ್ಬಾಕಿನ ಅಂತ
ಛಾಪಾ ಕಾಗದದ ಮ್ಯಾಲೆ ನಾ ಬರದು ಕೊಡಬೇಕಂತ.
ಕೊಟ್ಟೆ. ನೋಟರಿ ನೂರೈವತ್ತು ತಗೊಂಡ.
ನಾಕನೇದಾಕಿನ್ನ ಯಾರೂ ಕೇಳಲಿಲ್ಲ.
ರಾತ್ರಿ ಪಾಳಿ ಮುಗಿಸಿ ಬಂದ್ರ ಚಿಲಕ ತೆಗಿಯಾಕಿ.
ಅಕಿನ್ನ ನಾ ಹೆಸರು ಹಿಡದು ಕರದದ್ದಿಲ್ಲ,
ಅವ್ವಾ ಅಂದದ್ದೂ ಕಡಿಮಿ.
"ಏ, ನಾ" ಅಂತಿದ್ದೆ, ಅಷ್ಟ.

ಭಿಶಿ ಹೆಣಮಕ್ಕಳು ಬಂದ್ರು.
ಈ ತಿಂಗಳ ಪಾಳಿ ಅಕಿದ ಅಂತ.
ಹನ್ನೆರಡು ಸಾವಿರ ಎರಡು ಸರ್ತಿ ಎಣಿಸಿ
ಕರವಸ್ತ್ರದ ಸಮೇತ ಕೈಯಾಗಿಟ್ರು.
ಒಬ್ಬಾಕಿ ಕರವಸ್ತ್ರ ತಿರುಗಿ ಇಸಗೊಂಡು ಹೋದ್ಲು.

ಅಳತಿ ಬುಕ್ಕ ಸಿಕ್ಕಿದ್ದು ಹಿಟ್ಟಿನ ಡಬ್ಬಿ ಹಿಂದ.
ಒಬ್ಬರ ಹೆಸರೂ ಇಲ್ಲ ಅದರಾಗ.
"ನಳದ ಮನಿ ಗೊಣಗಾಕಿ, ಎದಿ ೩೮, ತೋಳು ಸಡ್ಲ."
"ಹಲ್ಲುಬ್ಬಿನಾಕಿ ಸೊಸಿ, ಬಸರಿ. ಒಳಗ ಎರಡಿಂಚು ಬಿಟ್ಟೀನಿ."
"ಮಾಸ್ತರ ಹೆಂಡ್ತಿ. ರೊಕ್ಕ ಕೇಳಬಾರದು."
"ಕೇರಿ ತುದಿಯಾಕಿ, ಎಡಭುಜ ಇಳದೈತಿ,
ಯಾರಿಗೂ ತಿಳೀದಂಗ ಹೊಲಿಬೇಕು."

ಸಂಜಿಮುಂದ ಚೀಲ ಹಿಡಕೊಂಡು ಮನಿಮನಿ ತಿರುಗಿದೆ.
ಗೊಣಗಾಕಿ ನೀವೇನ್ರಿ ಅಂತ ಹೆಂಗ ಕೇಳೋದು?
ನಿಂತೆ. ಅಕಿನ ಗೊಣಗಿದ್ಲು,
ನನಗ ಗುರ್ತು ಹತ್ತಿತು.
"ನನ್ನ ಬಗ್ಗೆ ಏನು ಬರದಾಳ ತಮ್ಮಾ ನಿಮ್ಮವ್ವ?"
"ಚೊಲೊ ಬರದಾಳ್ರಿ."

ಕಡೀ ಹಾಳಿಗೆ "ನಂದು" ಅಂತ ಇತ್ತು.
ಪಂಚಮಿಗೆ ೩೬.
ದೀಪಾವಳಿಗೆ ೩೪, ಹಳೇವು ಎಲ್ಲಾ ಹಿಡದೀನಿ.
ಎಳ್ಳಮಾಸಿಗೆ ೩೨.
ಅದರ ಕೆಳಗ, ಪೆನ್ಸಿಲಿಲೆ, ೨೯. ಅಲ್ಲಿ ಹಬ್ಬದ ಹೆಸರಿಲ್ಲ.

ಯಾಕ ಸೊರಗೀದಿ ಅಂತ ಒಂದು ಸರ್ತಿ ಕೇಳಿದ್ದೆ ನಾ,
ಊಟ ಮಾಡ್ಕೋತ, ತಲಿ ಎತ್ತದ.
"ಬಿಸಲೋ" ಅಂದಿದ್ಲು, ಚಳಿಗಾಲದಾಗ.
ಜಂಪರ ಒಂದು ದಿನಾನೂ ಮೈಮ್ಯಾಲೆ ಸಡಲಾಗಿ ಕಾಣಲಿಲ್ಲ.
ನಾ ಏನು ನೋಡಬೇಕಿತ್ತು?
ಹಳೇ ಹೊಲಗಿ ಬಿಚ್ಚಿದ ತೂತು ಸಾಲು
ಈಗ ಬೆಳಕಿಗೆ ಹಿಡದು ನೋಡಿದ್ರ ಕಾಣ್ತೈತಿ.

ಜಮಖಂಡಿಯಿಂದ ತಂಗಿ ಬಂದಿದ್ಲು. ಕಸ್ತೂರಿ.
"ಮಶೀನು ನೀ ಇಟಗೋ, ನನಗ ಕತ್ತರಿ ಕೊಡು" ಅಂದ್ಲು.
ಹೊಲಗಿ ಕಲಸು ಅಂದ್ರ ಅವ್ವ ಅಕಿಗೆ ಕಲಸಿದ್ದಿಲ್ಲ,
ಕಣ್ಣು ಹೋಗ್ತಾವ ಅಂತ.

ಗುರುವಾರ ರಾತ್ರಿ. ಅಂಬಕ್ಕನ ಖಣ ಮಶೀನಿನ ಮ್ಯಾಲೆ ಹಂಗ ಐತಿ.
ನನಗ ಗೊತ್ತಿದ್ದಷ್ಟು ನಾ ಮಾಡಿದೆ.
ಪಟ್ಟಾ ಬಿಗಿ ಮಾಡಿದೆ, ತೂತುತೂತಿಗೆ ಎಣ್ಣಿ ಬಿಟ್ಟೆ,
ಅಕಿ ಕಾಲು ತಿಕ್ಕಿ ತಿಕ್ಕಿ ಸವದ ಪಾವಟಿಗಿ ಮ್ಯಾಲೆ
ಕಾಲಿಟ್ಟು ತುಳದೆ.
ದಾರ ಹರೀತು.
ಮತ್ತ ಪೋಣಿಸಿದೆ. ಮತ್ತ ಹರೀತು.

ಕಸ್ತೂರಿ ಗ್ವಾಡಿಗೆ ಆತು ಕುಂತಾಕಿ ಎದ್ದು ಬಂದ್ಲು.
"ಸರಕೋ.
ಕಲಸಲಿಲ್ಲಂದ್ರ ಏನಾತು, ನೋಡೀನಿ."